ಕ್ರಿಸ್‌ಮಸ್‌ಗೆ ಟೀಚರ್‌ಗೆ ಏನು ಕೊಡೋದು, ಎಷ್ಟು ಕೊಡೋದು?

ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ರಜೆ ಮುಗಿಯುತ್ತಿದ್ದ ಹಾಗೇ ಪ್ರತಿ ವರ್ಷ ಇದೇ ಪ್ರಶ್ನೆ ಬರುತ್ತದೆ. ಕೇಳುವವರು ಮಾತ್ರ ಬೇರೆ ಬೇರೆ. ಈಚೆಗೆ ಬೆಂಗಳೂರಿನಿಂದ ಬಂದು ಮಗುವನ್ನು ಮೊದಲ ಸಲ ಡೇಕೇರ್‌ಗೆ ಸೇರಿಸಿದ ಅಮ್ಮ, ಪಕ್ಕದ ಬೀದಿಯ ಹಾಸನದವರು, ಕನ್ನಡ ಕೂಟದ ಪಾಟ್‌ಲಕ್‌ನಲ್ಲಿ ತಟ್ಟೆ ಹಿಡಿದು ಬಿಸಿಬೇಳೆಬಾತಿಗೆ ಕ್ಯೂ ನಿಂತವರು. "ಟೀಚರ್‌ಗೆ ಕ್ರಿಸ್‌ಮಸ್‌ಗೆ ಏನು ಕೊಡ್ತೀರಿ? ಎಷ್ಟು ಕೊಟ್ರೆ ಸರಿ?" ಎರಡನೆಯದನ್ನು ಸ್ವಲ್ಪ ದನಿ ತಗ್ಗಿಸಿ ಕೇಳುತ್ತಾರೆ.

ನಾವಿರುವುದು ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ, ಬಾಸ್ಟನ್‌ನಿಂದ ಮುಕ್ಕಾಲು ಗಂಟೆ ದೂರ. ದೊಡ್ಡವಳು ಸರ್ಕಾರಿ ಶಾಲೆಯಲ್ಲಿ ಎರಡನೇ ಕ್ಲಾಸು, ಚಿಕ್ಕವನು ಇನ್ನೂ ಡೇಕೇರ್‌ನಲ್ಲಿದ್ದಾನೆ. ಹೀಗೆ ಏಳು ಡಿಸೆಂಬರ್ ಕಳೆದಿವೆ, ಅದರಲ್ಲಿ ನಾಲ್ಕರಲ್ಲಿ ಏನಾದರೊಂದು ಎಡವಟ್ಟು ಮಾಡಿಕೊಂಡಿದ್ದೇನೆ. ನನ್ನ ಅರ್ಹತೆ ಅಷ್ಟೇ.

ಚುಟುಕಾಗಿ ಹೇಳುವುದಾದರೆ, ಒಬ್ಬರಿಗೆ 10ರಿಂದ 15 ಡಾಲರ್. ನಿಮ್ಮ ಮಗುವನ್ನು ನೋಡಿಕೊಳ್ಳುವ ಎಲ್ಲರಿಗೂ ಒಂದೇ ಮೊತ್ತ. ಜೊತೆಗೆ ಕೈಯಲ್ಲಿ ಬರೆದ ನಾಲ್ಕು ಸಾಲು. ಇಷ್ಟು ಸಾಕು ಅನ್ನುವವರು ಇಲ್ಲಿಗೇ ನಿಲ್ಲಿಸಬಹುದು.

"ಎಲ್ಲರಿಗೂ ಒಂದೇ" ಅನ್ನುವುದರ ಹಿಂದೆ ಒಂದು ಕಥೆ ಇದೆ. ಮಗಳು ಡೇಕೇರ್ ಸೇರಿದ ಮೊದಲ ವರ್ಷ ನಾನು ಅವಳ ಲೀಡ್ ಟೀಚರ್‌ಗೆ, ಅಂದರೆ ಆ ರೂಮಿನ ಮುಖ್ಯ ಟೀಚರ್‌ಗೆ, 40 ಡಾಲರ್ ಕೊಟ್ಟು ಒಂದು ಒಳ್ಳೆಯ ಸ್ಕಾರ್ಫ್ ತಂದೆ. ಬೆಳಿಗ್ಗೆ ಕೊಟ್ಟೆ, ಅವರೂ ಖುಷಿಪಟ್ಟರು, ನಾನೂ ಬೀಗಿದೆ. ಸಂಜೆ ಆರಕ್ಕೆ ಐದು ನಿಮಿಷ ಇರುವಾಗ ಓಡಿಕೊಂಡು ಹೋದರೆ, ಮಗಳಿಗೆ ಸ್ನೋ ಪ್ಯಾಂಟ್ ತೊಡಿಸಿ, ಬೂಟು ಹಾಕಿ, ಜಾಕೆಟ್ಟಿನ ಜಿಪ್ ಏರಿಸಿ, ಕಳೆದುಹೋಗಿದ್ದ ಎಡಗೈ ಗ್ಲೌಸನ್ನೂ ಹುಡುಕಿಟ್ಟುಕೊಂಡು ಕಾಯುತ್ತಿದ್ದವರು ಇನ್ನೊಬ್ಬರು. ದಿನಾ ಸಂಜೆ ಕಾಯುವವರೇ. "ಮೆರ್ರಿ ಕ್ರಿಸ್‌ಮಸ್" ಅಂದು ಅವರೇ ಮಗಳ ಕೈಗೆ ಒಂದು ಪುಟ್ಟ ಸ್ಟಿಕ್ಕರ್ ಪ್ಯಾಕೆಟ್ ಕೊಟ್ಟರು. ನನ್ನ ಕೈಯಲ್ಲಿ ಕಾರಿನ ಕೀ ಬಿಟ್ಟರೆ ಏನೂ ಇರಲಿಲ್ಲ. ಅವರ ಹೆಸರೂ ನನಗೆ ಸರಿಯಾಗಿ ಗೊತ್ತಿರಲಿಲ್ಲ.

ಇದು ನಾವು ಬೆಳೆದು ಬಂದ ರೀತಿ ಅನ್ನಿಸುತ್ತದೆ. ನಮ್ಮ ಶಾಲೆಯಲ್ಲಿ ಸೆಪ್ಟೆಂಬರ್ 5ಕ್ಕೆ ಮಿಸ್‌ಗೆ ಗುಲಾಬಿ, ಪೆನ್ನು, ಗ್ರೀಟಿಂಗ್ ಕಾರ್ಡು ಎಲ್ಲ ಇರುತ್ತಿತ್ತು. ನಾವು ವಾಂತಿ ಮಾಡಿದ್ದನ್ನು ಒರೆಸಿದ ಆಯಮ್ಮನಿಗೆ ಯಾರೂ ಗುಲಾಬಿ ಕೊಟ್ಟ ನೆನಪಿಲ್ಲ. ಅದೇ ಲೆಕ್ಕವನ್ನು ಸೂಟ್‌ಕೇಸಿನಲ್ಲಿ ಇಲ್ಲಿಗೂ ತಂದಿದ್ದೇವೆ.

ಡೇಕೇರ್ ನಡೆಯುವ ರೀತಿ ನೋಡಿ. ಈ ರಾಜ್ಯದ ನಿಯಮದ ಪ್ರಕಾರ ತೀರಾ ಎಳೆ ಮಕ್ಕಳ ರೂಮಿನಲ್ಲಿ 3 ಮಕ್ಕಳಿಗೆ ಒಬ್ಬರು, ಇಲ್ಲವೇ 7 ಮಕ್ಕಳಿಗೆ ಇಬ್ಬರು ಇರಬೇಕು. ಸ್ವಲ್ಪ ದೊಡ್ಡವರ ಟಾಡ್ಲರ್ ರೂಮಿನಲ್ಲಿ 9ಕ್ಕೆ ಇಬ್ಬರು. ಬೆಳಿಗ್ಗೆ ಏಳರಿಂದ ಸಂಜೆ ಆರರವರೆಗೆ ತೆರೆದಿರುವ ಜಾಗದಲ್ಲಿ ಅದೇ ಇಬ್ಬರು ಇಡೀ ದಿನ ನಿಲ್ಲುವುದಕ್ಕೆ ಆಗುತ್ತಾ? ಬೆಳಿಗ್ಗೆ ಬಾಗಿಲು ತೆಗೆಯುವವರು ಒಬ್ಬರು, ಊಟದ ಬ್ರೇಕಿಗೆ ಬಂದು ನಿಲ್ಲುವ ಫ್ಲೋಟರ್ ಇನ್ನೊಬ್ಬರು, ಸಂಜೆ ಮುಚ್ಚುವವರು ಮತ್ತೊಬ್ಬರು. ನಿಮ್ಮ ಮಗು ದಿನಕ್ಕೆ ನಾಲ್ಕೈದು ಜನರ ಕೈ ದಾಟಿ ಮನೆಗೆ ಬರುತ್ತದೆ. ನಾವು ತಿಂಗಳು ತಿಂಗಳು ಕಟ್ಟುವ ಫೀಸು ನೋಡಿ ಇವರಿಗೆಲ್ಲ ಚೆನ್ನಾಗೇ ಸಂಬಳ ಬರಬೇಕು ಅಂದುಕೊಂಡಿದ್ದೆ. ಅಮೆರಿಕದ ಕಾರ್ಮಿಕ ಇಲಾಖೆಯ 2024ರ ಲೆಕ್ಕದಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸಕ್ಕೆ ಗಂಟೆಗೆ ಮಧ್ಯದ ಸಂಬಳ 15 ಡಾಲರ್ ಮತ್ತು ಚಿಲ್ಲರೆ, ಅಂದರೆ ಅರ್ಧ ಜನಕ್ಕೆ ಅದಕ್ಕಿಂತಲೂ ಕಮ್ಮಿ. ಈ ರಾಜ್ಯದ ಕನಿಷ್ಠ ಕೂಲಿಯೇ 15 ಡಾಲರ್!

ಹಾಗಾಗಿ ಈಗ ನಾನು ನವೆಂಬರ್ ಕೊನೆಯಲ್ಲಿ ಆಫೀಸಿಗೆ ಹೋಗಿ ಕೇಳುತ್ತೇನೆ. ನಮ್ಮವನ ರೂಮಿನಲ್ಲಿ ವಾರಪೂರ್ತಿ ಯಾರ್ಯಾರು ಇರುತ್ತಾರೆ, ಹೆಸರು ಹೇಗೆ ಬರೆಯುತ್ತಾರೆ ಅಂತ. ಸ್ಪೆಲ್ಲಿಂಗ್ ಕೇಳಲೇಬೇಕು. ನಮ್ಮ ಹೆಸರನ್ನು ಇಲ್ಲಿಯವರು ಹೇಗೆಲ್ಲ ಬರೆಯುತ್ತಾರೆ ಅಂತ ನೋಡಿದ ನಾವೇ ಆ ತಪ್ಪು ಮಾಡಬಾರದಲ್ವಾ. ಆಮೇಲೆ ನನ್ನ ಒಟ್ಟು ಬಜೆಟ್ಟನ್ನು ತಲೆ ಎಣಿಸಿ ಭಾಗ ಮಾಡುತ್ತೇನೆ. 60 ಡಾಲರ್ ಇದ್ದು ಐದು ಜನ ಇದ್ದರೆ ತಲಾ 12. ಲೀಡ್ ಟೀಚರ್‌ಗೆ 40, ಉಳಿದವರಿಗೆ ಐದೈದು ಅನ್ನುವ ಹಂಚಿಕೆ ಬೇಡ. ಅವರೆಲ್ಲ ಒಂದೇ ಬ್ರೇಕ್ ರೂಮಿನಲ್ಲಿ ಕೂತು ಕವರ್ ತೆರೆಯುತ್ತಾರೆ.

ಇನ್ನು ಏನು ಕೊಡೋದು ಅನ್ನುವ ವಿಷಯ. ಮೊದಲು ನಮ್ಮ ತಿಂಡಿಯ ಕಥೆ ಹೇಳಿಬಿಡುತ್ತೇನೆ, ಏಕೆಂದರೆ ಎಲ್ಲರಿಗೂ ಮೊದಲು ಹೊಳೆಯುವುದೇ ಅದು. ಎರಡನೇ ವರ್ಷ "ಖರ್ಚೂ ಕಮ್ಮಿ, ಪ್ರೀತಿಯೂ ಜಾಸ್ತಿ" ಅಂತ ಲೆಕ್ಕ ಹಾಕಿ ಒಂದಿಡೀ ಶನಿವಾರ ಚಕ್ಕುಲಿ ಒತ್ತಿದೆ. ಪುಟ್ಟ ಡಬ್ಬಿ, ಕೆಂಪು ರಿಬ್ಬನ್ನು, ಎಲ್ಲ ಆಯಿತು. ಡೇಕೇರ್‌ನಲ್ಲಿ ಶೇಂಗಾ, ಬಾದಾಮಿ, ಗೋಡಂಬಿ ನಿಷೇಧ ಅಂತ ಗೊತ್ತಿತ್ತು, ನನ್ನ ಚಕ್ಕುಲಿಯಲ್ಲಿ ಅವು ಇರಲಿಲ್ಲ. ಎಳ್ಳು ಇತ್ತು. 2023ರ ಜನವರಿಯಿಂದ ಈ ದೇಶದಲ್ಲಿ ಪ್ಯಾಕೆಟ್ ತಿಂಡಿಗಳ ಮೇಲೆ ಅಲರ್ಜಿ ಅಂತ ನಮೂದಿಸಲೇಬೇಕಾದ ಒಂಬತ್ತನೇ ಪದಾರ್ಥ ಎಳ್ಳೇ. ನಾನು ಚಕ್ಕುಲಿ ಕೊಟ್ಟ ಕಾಲಕ್ಕೆ ಆ ನಿಯಮ ಇನ್ನೂ ಬಂದಿರಲಿಲ್ಲ, ಆದರೆ ಆ ರೂಮಿನ ಒಂದು ಮಗುವಿಗೆ ಎಳ್ಳಿನ ಅಲರ್ಜಿ ಇತ್ತು. ಅವರು ತುಂಬ ನಯವಾಗಿಯೇ ಡಬ್ಬಿಗಳನ್ನು ವಾಪಸ್ ಕೊಟ್ಟರು. ಜನವರಿಯವರೆಗೆ ನಾವೇ ತಿಂದೆವು. ಮನೆಯಲ್ಲಿ ಮಾಡಿದ್ದು ಬೇಡವೇ ಬೇಡ ಅನ್ನುವ ಡೇಕೇರ್‌ಗಳೂ ಇವೆ, ಹಾಗಾಗಿ ಕೇಳದೆ ಬಾಣಲೆ ಇಡಬೇಡಿ.

ಮಗ್ಗು ಬೇಡ. ಬೆಸ್ಟ್ ಟೀಚರ್ ಅಂತ ಬರೆದ ಮಗ್ಗು ಹತ್ತು ವರ್ಷ ಕೆಲಸ ಮಾಡಿದವರ ಮನೆಯಲ್ಲಿ ಒಂದು ಕಪಾಟು ತುಂಬ ಇರುತ್ತದೆ. ಕ್ಯಾಂಡಲ್, ಲೋಶನ್ ಕೂಡ ಹಾಗೇ, ಪರಿಮಳ ಕೆಲವರಿಗೆ ಆಗಿಬರುವುದಿಲ್ಲ. ಊರಿನಿಂದ ತಂದ ಮೈಸೂರು ಸ್ಯಾಂಡಲ್ ಸೋಪು ಕೊಡಬಹುದಾ ಅಂತ ಒಬ್ಬರು ಕೇಳಿದ್ದರು. ಸೋಪು ಚೆನ್ನಾಗಿದೆ, ಡಬ್ಬಿಯೂ ಚೆನ್ನಾಗಿದೆ, ಆದರೆ ಯಾಕೋ ಟೀಚರ್ ಕೈಗೆ ಸೋಪು ಕೊಡುವುದಕ್ಕೆ ನನಗೆ ಸಂಕೋಚ. ಸ್ನಾನ ಮಾಡಿ ಅಂದ ಹಾಗಿರುತ್ತದೆ. ಊರಿಗೆ ಹೋಗಿಬಂದ ವರ್ಷವಾದರೆ ಚನ್ನಪಟ್ಟಣದ ಬುಗುರಿ ನನ್ನ ಆಯ್ಕೆ. ಅರಗಿನ ಬಣ್ಣ, ಹಗುರ, ಸೂಟ್‌ಕೇಸಿನಲ್ಲಿ ಒಂದು ಸಾಕ್ಸಿನೊಳಗೆ ನಾಲ್ಕು ಹಿಡಿಯುತ್ತವೆ. ದೊಡ್ಡವಳ ಟೀಚರ್ ಅದನ್ನು ಮೇಜಿನ ಮೇಲೆ ಇಟ್ಟುಕೊಂಡು, ಅದು ತಿರುಗಿ ಬೀಳುವುದರೊಳಗೆ ಎಲ್ಲರೂ ಪುಸ್ತಕ ಎತ್ತಿಡಬೇಕು ಅಂತ ಆಟ ಮಾಡಿದ್ದರಂತೆ. ತೀರಾ ಎಳೆ ಮಕ್ಕಳ ರೂಮಿಗೆ ಮಾತ್ರ ಬೇಡ, ಬಾಯಿಗೆ ಹಾಕಿಕೊಳ್ಳುತ್ತವೆ.

ಉಳಿದ ವರ್ಷಗಳಲ್ಲಿ ಗಿಫ್ಟ್ ಕಾರ್ಡು. ಬೇಜಾರಿನ ಉತ್ತರ, ಗೊತ್ತು. ಆದರೆ ಅವರಿಗೆ ಬೇಕಾಗಿರುವುದೂ ಅದೇ. ಕಾಫಿ, ಡೋನಟ್ ಮಾರುವ ಡಂಕಿನ್ ಹುಟ್ಟಿದ್ದೇ ಈ ರಾಜ್ಯದ ಕ್ವಿನ್ಸಿ ಊರಿನಲ್ಲಿ, ಯಾವ ಊರಿಗೆ ಹೋದರೂ ತಿರುವಿಗೊಂದು ಅಂಗಡಿ ಇರುತ್ತದೆ, ಹಾಗಾಗಿ 10 ಡಾಲರಿನ ಡಂಕಿನ್ ಕಾರ್ಡು ಯಾರ ಬಳಿಯೂ ದಂಡವಾಗುವುದಿಲ್ಲ. ಕಾಫಿ ಕುಡಿಯದವರಿಗೆ ಟಾರ್ಗೆಟ್ಟೋ ಮಾರ್ಕೆಟ್ ಬಾಸ್ಕೆಟ್ಟೋ, ಇಂಥ ದಿನಸಿ ಅಂಗಡಿಯ ಕಾರ್ಡು ಆಗುತ್ತದೆ. ಎಲ್ಲಿ ಬೇಕಾದರೂ ನಡೆಯುವ ಬ್ಯಾಂಕ್ ಕಾರ್ಡುಗಳನ್ನು ಮಾತ್ರ ಸಣ್ಣ ಮೊತ್ತಕ್ಕೆ ಕೊಳ್ಳಬೇಡಿ. ಅದರ ಮೇಲೆ ನಾಲ್ಕೈದು ಡಾಲರ್ ಶುಲ್ಕ ಬೇರೆ ಇರುತ್ತದೆ, ಅಷ್ಟರಲ್ಲಿ ಇನ್ನೊಬ್ಬರಿಗೆ ಅರ್ಧ ಕಾರ್ಡು ಬಂತು.

ಖಾಸಗಿ ಡೇಕೇರ್ ಆದರೆ, ಅಲ್ಲಿ ಒಪ್ಪುತ್ತಾರಾ ಅಂತ ಕೇಳಿಕೊಂಡು, ನಗದನ್ನೇ ಕವರಿನಲ್ಲಿ ಹಾಕಿ ಕೊಡುವುದು ಎಲ್ಲಕ್ಕಿಂತ ಒಳ್ಳೆಯದು. ಹಾಗೆ ಕೊಟ್ಟ ಮೊದಲ ವರ್ಷ ನಾನು ನಮ್ಮ ಅಭ್ಯಾಸದಂತೆ ಹತ್ತರ ಜೊತೆ ಒಂದು ಸೇರಿಸಿ 11 ಡಾಲರ್ ಇಟ್ಟಿದ್ದೆ. ಮರುದಿನ ಒಬ್ಬರು ಬಂದು "ನೋಟುಗಳು ಅಂಟಿಕೊಂಡಿದ್ದವು ಅನ್ನಿಸುತ್ತೆ" ಅಂತ ಒಂದು ಡಾಲರ್ ವಾಪಸ್ ಕೊಟ್ಟರು. ಸೊನ್ನೆ ಯಾಕೆ ಆಗಲ್ಲ, ಒಂದು ಯಾಕೆ ಸೇರಿಸುತ್ತೇವೆ ಅಂತ ಬಾಗಿಲಲ್ಲಿ ನಿಂತು ಇಂಗ್ಲಿಷಿನಲ್ಲಿ ವಿವರಿಸಿದ್ದು ಇವತ್ತಿಗೂ ಮನೆಯಲ್ಲಿ ತಮಾಷೆ.

ಸರ್ಕಾರಿ ಶಾಲೆಯದ್ದು ಬೇರೆ ಲೆಕ್ಕ, ಇದು ನಮ್ಮವರಿಗೆ ಗೊತ್ತೇ ಇರುವುದಿಲ್ಲ. ಇಲ್ಲಿಯ ಸರ್ಕಾರಿ ಶಾಲೆಯ ಟೀಚರ್ ಸರ್ಕಾರಿ ನೌಕರರು. 50 ಡಾಲರ್ ಅಥವಾ ಅದಕ್ಕಿಂತ ಜಾಸ್ತಿ ಬೆಲೆಯ ಉಡುಗೊರೆಯನ್ನು ಅವರು ತೊಗೊಳ್ಳುವ ಹಾಗಿಲ್ಲ, ಅದು ರಾಜ್ಯದ ಕಾನೂನು. ಊರಿನಿಂದ ತಂದ ರೇಷ್ಮೆ ಸ್ಟೋಲು ಕೊಟ್ಟು ಅವರನ್ನು ಇಕ್ಕಟ್ಟಿಗೆ ಸಿಕ್ಕಿಸಬೇಡಿ. ಕ್ಲಾಸಿನ ಪೋಷಕರೆಲ್ಲ ಸೇರಿ ಕೊಟ್ಟರೆ 150 ಡಾಲರ್ ತನಕ ನಡೆಯುತ್ತದೆ. ಆದರೆ ಅದು ಕ್ಲಾಸಿನ ಹೆಸರಿನಲ್ಲೇ ಹೋಗಬೇಕು, ಯಾರು ಕೊಟ್ಟರು, ಎಷ್ಟು ಕೊಟ್ಟರು ಅಂತ ಟೀಚರ್‌ಗೆ ತಿಳಿಸಬಾರದು. ಈ ಒಂದು ಕಲಮು ನನಗೆ ಭಾರಿ ಇಷ್ಟ. 5 ಡಾಲರ್ ಹಾಕಿದವರೂ 30 ಹಾಕಿದವರೂ ಏನೂ ಹಾಕದವರೂ ಅಲ್ಲಿ ಒಂದೇ. ರೂಮ್ ಪೇರೆಂಟ್, ಅಂದರೆ ಪೋಷಕರಿಂದ ದುಡ್ಡು ಸೇರಿಸುವ ಜವಾಬ್ದಾರಿ ಹೊತ್ತ ಪೋಷಕರು, "ತಲಾ 20 ಕಳಿಸಿ" ಅಂತ ಮೆಸೇಜ್ ಮಾಡಿದಾಗ ಆಗದಿದ್ದರೆ ಸುಮ್ನೆ 5 ಕಳಿಸಿ. ನಾನೂ ಒಂದು ವರ್ಷ ಆ ಜವಾಬ್ದಾರಿ ಹೊತ್ತಿದ್ದೆ, ಯಾರ್ಯಾರು ಎಷ್ಟು ಅಂತ ನೆನಪಿಟ್ಟುಕೊಳ್ಳುವಷ್ಟು ಪುರುಸೊತ್ತು ಇರಲಿಲ್ಲ.

ಶಾಲೆಯ ಟೀಚರ್‌ಗಳು ಕ್ಲಾಸಿಗೆ ಬೇಕಾದ ಸಾಮಾನಿಗೆ ಸ್ವಂತ ದುಡ್ಡು ಹಾಕುತ್ತಾರೆ. ಎಷ್ಟರ ಮಟ್ಟಿಗೆ ಅಂದರೆ ಆದಾಯ ತೆರಿಗೆಯಲ್ಲಿ ಅದಕ್ಕೆಂದೇ ಒಂದಿಷ್ಟು ವಿನಾಯಿತಿ ಇದೆ. ಡಿಸೆಂಬರ್ ಅಂದರೆ ಸೋರುವ ಮೂಗುಗಳ ಕಾಲ. ಟಿಶ್ಯೂ ಡಬ್ಬಿ, ಅಂಟಿನ ಕಡ್ಡಿ, ಬಿಳಿ ಬೋರ್ಡಿನ ಮಾರ್ಕರ್ ಒಂದು ಚೀಲ ತುಂಬಿ ಕ್ಲಾಸಿಗೆ ಕಳಿಸಿದರೆ ಅದು ಟೀಚರ್‌ಗೆ ಕೊಟ್ಟ ಉಡುಗೊರೆ ಅಂತ ಲೆಕ್ಕವಲ್ಲ. ಜೊತೆಗೆ ಅವರಿಗೆ ಅಂತಲೇ ಒಂದು ಸಣ್ಣದು ಇರಲಿ, ಇಲ್ಲದಿದ್ದರೆ ಹುಟ್ಟುಹಬ್ಬಕ್ಕೆ ಅಮ್ಮನಿಗೆ ಕುಕ್ಕರ್ ಕೊಟ್ಟ ಹಾಗಾಗುತ್ತದೆ.

"ನಾವು ಕ್ರಿಸ್‌ಮಸ್ ಮಾಡಲ್ಲ, ಕೊಡಲೇಬೇಕಾ?" ಇದೂ ಬರುತ್ತದೆ. ಅವರೂ ಮಾಡುತ್ತಾರೆ ಅಂತ ಏನಿಲ್ಲ, ಹಾಗಾಗಿ ಕಾರ್ಡಿನ ಮೇಲೆ "ಹ್ಯಾಪಿ ಹಾಲಿಡೇಸ್" ಅಂತ ಬರೆದರೆ ಎಲ್ಲರಿಗೂ ಸಲ್ಲುತ್ತದೆ. ಇದೇ ಮ್ಯಾಸಚೂಸೆಟ್ಸ್‌ನಲ್ಲಿ 1659ರಲ್ಲಿ ಕ್ರಿಸ್‌ಮಸ್ ಆಚರಿಸಿದರೆ 5 ಶಿಲಿಂಗ್ ದಂಡ ಹಾಕುತ್ತಿದ್ದರು, 1681ರವರೆಗೂ ಆ ಕಾನೂನು ಇತ್ತು. ಡಿಸೆಂಬರ್ ಬೇಡ ಅನ್ನಿಸಿದರೆ ಮೇ ತಿಂಗಳ ಮೊದಲ ವಾರ ಟೀಚರ್‌ಗಳ ವಾರ ಬರುತ್ತದೆ, ಆಗ ಕೊಡಿ.

ಈಗ ಆ ನಾಲ್ಕು ಸಾಲಿನ ವಿಷಯ. ಮೂರು ವರ್ಷದ ಹಿಂದೆ ನಮ್ಮ ಮನೆಯಲ್ಲಿ ಒಬ್ಬರ ಕೆಲಸ ಹೋಗಿತ್ತು. ವೀಸಾದ ಚಿಂತೆ, ಬಾಡಿಗೆಯ ಚಿಂತೆ, ಆ ಡಿಸೆಂಬರಿನಲ್ಲಿ ಐದು ಕಾರ್ಡಿಗೆ 50 ಡಾಲರ್ ಅಂದರೂ ಯೋಚನೆ ಮಾಡಬೇಕಾಗಿತ್ತು. ಬರೀ ಪತ್ರ ಬರೆದೆ, ಒಬ್ಬೊಬ್ಬರಿಗೂ ಬೇರೆ ಬೇರೆ. "ನಿಮ್ಮಂಥ ಟೀಚರ್ ಸಿಕ್ಕಿದ್ದು ನಮ್ಮ ಪುಣ್ಯ" ಅನ್ನುವಂಥದ್ದು ಬರೆಯಲಿಲ್ಲ. ನಡೆದದ್ದನ್ನು ಬರೆದೆ. ಸೆಪ್ಟೆಂಬರಿನಲ್ಲಿ ಮಗ ಬಾಗಿಲಲ್ಲಿ ನನ್ನ ಕಾಲು ಹಿಡಿದು ಅಳುತ್ತಿದ್ದಾಗ ನೀವು ಅವನನ್ನು ಎತ್ತಿಕೊಂಡು ಕಿಟಕಿಯ ಬಳಿ ಹೋಗಿ ಕಸದ ಲಾರಿ ತೋರಿಸುತ್ತಿದ್ದಿರಿ, ಈಗ ಅವನು ಮನೆಯಲ್ಲಿ ಗುರುವಾರ ಯಾವಾಗ ಅಂತ ಕೇಳುತ್ತಾನೆ, ಲಾರಿ ಬರುವುದು ಗುರುವಾರ. ಇಷ್ಟೇ. ಅದರ ಒಂದೊಂದು ಪ್ರತಿಯನ್ನು ಡೈರೆಕ್ಟರ್‌ಗೂ ಕೊಟ್ಟೆ. ಜನವರಿಯಲ್ಲಿ ಸಂಜೆಯ ಪಾಳಿಯವರು ನನ್ನನ್ನು ಪಕ್ಕಕ್ಕೆ ಕರೆದರು. ಬ್ರೆಜಿಲ್‌ನವರು, ರಾತ್ರಿ ಕಾಲೇಜಿಗೆ ಹೋಗಿ ಲೀಡ್ ಟೀಚರ್ ಆಗಲು ಓದುತ್ತಿದ್ದರು. ಅರ್ಜಿಯ ಜೊತೆ ನಿಮ್ಮ ಪತ್ರ ಲಗತ್ತಿಸಬಹುದಾ ಅಂತ ಕೇಳಿದರು. ಸ್ಕಾರ್ಫಿನಿಂದ ಈ ಕೆಲಸ ಆಗುತ್ತಿರಲಿಲ್ಲ.

ಬರೆಯುವುದಕ್ಕೆ ಏನೂ ಹೊಳೆಯದಿದ್ದರೆ ಮಗುವನ್ನೇ ಕೇಳಿ. "ಮಿಸ್ ಏನು ಚೆನ್ನಾಗಿ ಮಾಡ್ತಾರೆ?" ನಮ್ಮವನು ಒಮ್ಮೆ "ಬಾಳೆಹಣ್ಣು ಮುರಿಯದೆ ಸುಲೀತಾರೆ" ಅಂದ. ಹಾಗೇ ಬರೆದು ಕೆಳಗೆ ಅವನ ಕೈಯಲ್ಲೇ ಬಾಳೆಹಣ್ಣು ಬಿಡಿಸಿದೆ, ನೋಡುವುದಕ್ಕೆ ಹೆಚ್ಚು ಕಮ್ಮಿ ದೋಣಿ.

ಕೊನೆಗೆ ಒಂದು ಮಾತು, ರಜೆಗೆ ಮುಂಚಿನ ಕೊನೆಯ ದಿನಕ್ಕೆ ಕಾಯಬೇಡಿ. ಕೆಲವರು ವಾರಕ್ಕೆ ಎರಡೇ ದಿನ ಬರುತ್ತಾರೆ, ಕೆಲವರು ಬೇಗ ರಜೆ ಹಾಕಿ ಊರಿಗೆ ಹೋಗಿರುತ್ತಾರೆ. ಡಿಸೆಂಬರ್ 15ರ ಆಸುಪಾಸಿನಲ್ಲಿ ಕೊಟ್ಟು ಮುಗಿಸಿ. ಒಂದು ವರ್ಷ ನಾನು ಎಲ್ಲ ಕವರುಗಳಿಗೂ ಹೆಸರು ಬರೆದು, ಶಾಲೆ ಬಸ್ಸಿನ ಡ್ರೈವರಿಗೂ ಒಂದು ಸೇರಿಸಿ, ರಾತ್ರಿಯೇ ಬಾಗಿಲ ಬಳಿ ಜೋಡಿಸಿಟ್ಟಿದ್ದೆ. ಬೆಳಿಗ್ಗೆ ಐದೂವರೆಗೆ ಫೋನ್ ಬಂತು, ಹತ್ತು ಇಂಚು ಹಿಮ, ಶಾಲೆಗೂ ಡೇಕೇರ್‌ಗೂ ರಜೆ. ಆ ವರ್ಷದ ಕವರುಗಳು ತಲುಪಿದ್ದು ಹೊಸ ವರ್ಷದಲ್ಲಿ, ಬಸ್ಸಿನ ಡ್ರೈವರ್ ಅಷ್ಟರಲ್ಲಿ ಬೇರೆ ರೂಟಿಗೆ ಹೋಗಿದ್ದರು.