ದುಬಾರಿ ಬೇಸ್ ಗಿಟಾರ್: ದುಡ್ಡು ನೆಕ್‌ಗೆ ಹೋಗ್ತಿದೆಯಾ ನೋಡಿ

ಕೈಯಲ್ಲಿರೋದು ಸ್ಕ್ವಯರ್ ಅಫಿನಿಟಿಯಂಥ ಅಗ್ಗದ ಬೇಸ್, ಕಣ್ಣಿರೋದು ಅದರ ಮೂರು ಪಟ್ಟು ಬೆಲೆಯ ಫೆಂಡರ್ ಮೇಲೆ. ಕೊಳ್ಳಬೇಕಾ ಬೇಡವಾ ಅನ್ನೋದನ್ನ ನಾನು ನೆಕ್ (ತಂತಿಗಳು ಹಾಯುವ ಉದ್ದನೆಯ ಕತ್ತು) ನೋಡಿಯೇ ತೀರ್ಮಾನಿಸೋದು. ಪಿಕಪ್ (ತಂತಿಯ ಕಂಪನ ಹಿಡಿಯುವ ಭಾಗ), ಬ್ರಿಡ್ಜ್ (ಬಾಡಿ ಮೇಲೆ ತಂತಿಗಳು ಕೂರುವ ಭಾಗ), ಟ್ಯೂನರ್ (ಶ್ರುತಿಯ ಕೀಲಿ), ಪಾಟ್ (ವಾಲ್ಯೂಮ್, ಟೋನ್ ಗುಂಡಿಯ ಒಳಭಾಗ) ಇವನ್ನೆಲ್ಲ ಇವತ್ತಲ್ಲ ನಾಳೆ ಬದಲಾಯಿಸಬಹುದು. ನೆಕ್ ತಿರುಚಿಕೊಂಡಿದ್ದರೆ ಮಾತ್ರ ಅದಕ್ಕೆ ಮಾಡುವ ಖರ್ಚು ಬೇಸಿನ ಬೆಲೆಯನ್ನೇ ಮೀರಬಹುದು.

ಹೊಸದರ ಯೋಚನೆಗೆ ಮುಂಚೆ ಹಳೆಯದಕ್ಕೆ ಸರಿಯಾಗಿ ಸೆಟಪ್ ಮಾಡಿ, ಅಂದರೆ ನೆಕ್‌ನ ಬಾಗು, ತಂತಿಯ ಎತ್ತರ, ಶ್ರುತಿ ಹೊಂದಿಸಿ. ಅಗ್ಗದ ಬೇಸ್‌ಗಳಲ್ಲಿ ಎಷ್ಟೋ ಕಾರ್ಖಾನೆಯಿಂದ ಬಂದ ಮೇಲೆ ಒಮ್ಮೆಯೂ ಸೆಟಪ್ ಕಂಡಿರೋದಿಲ್ಲ. 45–105 ದಪ್ಪದ ಹೊಸ ನಿಕಲ್ ತಂತಿ ಹಾಕಿ, ಶ್ರುತಿ ಮಾಡಿ. ಎಲ್ಲಕ್ಕಿಂತ ದಪ್ಪದ ಇ ತಂತಿಯನ್ನು ಮೊದಲ ಫ್ರೆಟ್‌ನಲ್ಲೂ (ನೆಕ್ ಮೇಲಿನ ಅಡ್ಡ ಲೋಹದ ಪಟ್ಟಿ) ಕೊನೆಯ ಫ್ರೆಟ್‌ನಲ್ಲೂ ಒತ್ತಿ ಹಿಡಿದು, 8ನೇ ಫ್ರೆಟ್‌ನ ಮೇಲೆ ಉಳಿಯುವ ಸಂದು ಅಳೆಯಿರಿ. 0.3 ಮಿ.ಮೀ. ಆಸುಪಾಸು ಇರಬೇಕು. ಬೈಕ್ ಟ್ಯಾಪೆಟ್ ಅಳೆಯುವ ಫೀಲರ್ ಗೇಜ್ ಇದಕ್ಕೆ ಸಾಕು, ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಸಿಗುತ್ತೆ. ಸಂದು ಜಾಸ್ತಿ ಇದ್ದರೆ ಟ್ರಸ್ ರಾಡನ್ನು (ನೆಕ್ ಒಳಗಿನ ಲೋಹದ ಸರಳು) ಗಡಿಯಾರದ ದಿಕ್ಕಿಗೆ ಕಾಲು ಸುತ್ತು ಬಿಗಿ ಮಾಡಿ, ಕಡಿಮೆ ಇದ್ದರೆ ಉಲ್ಟಾ. ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ಬೇಡ. ಮರ ಹೊಸ ಬಿಗಿಗೆ ಹೊಂದಿಕೊಳ್ಳೋಕೆ ಕೆಲವು ಗಂಟೆ ಬಿಟ್ಟು, ಮತ್ತೆ ಶ್ರುತಿ ಮಾಡಿ ಅಳೆಯಿರಿ.

ಆಮೇಲೆ ತಂತಿಯ ಎತ್ತರ. 17ನೇ ಫ್ರೆಟ್‌ನಲ್ಲಿ ಇ ತಂತಿಗೆ 2.4 ಮಿ.ಮೀ., ಎಲ್ಲಕ್ಕಿಂತ ತೆಳುವಾದ ಜಿ ತಂತಿಗೆ 2 ಮಿ.ಮೀ. ಇಟ್ಟು ಶುರು ಮಾಡಿ. ಇಂಟೊನೇಶನ್, ಅಂದರೆ ನೆಕ್ ಉದ್ದಕ್ಕೂ ಸ್ವರ ಶ್ರುತಿಯಲ್ಲಿರುವಂತೆ ಮಾಡೋದು, ಕೊನೆಯಲ್ಲಿ. 12ನೇ ಫ್ರೆಟ್ ಒತ್ತಿ ನುಡಿಸಿದ ಸ್ವರ ಅಲ್ಲಿನ ಹಾರ್ಮೋನಿಕ್‌ಗಿಂತ (ಒತ್ತದೆ ಬರೀ ತಾಕಿಸಿ ನುಡಿಸಿದ ಸ್ವರ) ಮೇಲಿದ್ದರೆ ಸ್ಯಾಡಲ್ (ಬ್ರಿಡ್ಜ್ ಮೇಲೆ ತಂತಿ ಕೂರುವ ತುಂಡು) ಹಿಂದಕ್ಕೆ, ಕೆಳಗಿದ್ದರೆ ಮುಂದಕ್ಕೆ. ಈ ಕ್ರಮ ತಪ್ಪಿಸಬೇಡಿ. ಟ್ರಸ್ ರಾಡ್ ತಿರುಗಿಸಿದರೆ ತಂತಿಯ ಎತ್ತರವೂ ಬದಲಾಗುತ್ತೆ, ಮೊದಲು ಮಾಡಿದ್ದೆಲ್ಲ ವ್ಯರ್ಥ. ಇ ತಂತಿ ಸುಮಾರು 41 ಹರ್ಟ್ಸ್ ಆದ್ದರಿಂದ ಶ್ರುತಿ ಅಳೆಯುವ ಕ್ಲಿಪ್ ಟ್ಯೂನರ್ ತಡಕಾಡುತ್ತೆ, ಕೇಬಲ್ ಹಾಕಿ ಅಳೆಯೋದು ಒಳ್ಳೇದು.

ಇಷ್ಟಾದರೂ ಒಂದು ಕಡೆ ಮಾತ್ರ ತಂತಿ ಚರಚರ ಅಂತಿದ್ದರೆ ಅಲ್ಲೊಂದು ಫ್ರೆಟ್ ಎದ್ದಿದೆ. ಹಳೇ ಎಟಿಎಂ ಕಾರ್ಡಿನ ಅಂಚನ್ನು ತಂತಿಗಳ ನಡುವೆ, ಸರಿಯಾಗಿ ಮೂರೇ ಫ್ರೆಟ್ ಮೇಲೆ ಕೂರುವಂತೆ ನಿಲ್ಲಿಸಿ. ಬಾಡಿ ಕಡೆಯ ಫ್ರೆಟ್‌ಗಳಿಗೆ ಕಾರ್ಡಿನ ಚಿಕ್ಕ ಅಂಚು, ತಲೆಭಾಗದ ಕಡೆಯವಕ್ಕೆ ಉದ್ದದ ಅಂಚು. ಕಾರ್ಡ್ ಅಲುಗಾಡಿದರೆ ನಡುವಿನ ಫ್ರೆಟ್ ಎತ್ತರವಾಗಿದೆ. ಒಂದೆರಡು ಫ್ರೆಟ್ ಆದರೆ ರಿಪೇರಿಯವರು ಉಜ್ಜಿ ಸರಿಮಾಡ್ತಾರೆ. ನೆಕ್ ತಿರುಚಿದ್ದರೆ, ಟ್ರಸ್ ರಾಡ್ ಪೂರ್ತಿ ಬಿಗಿಯಾದರೂ ಸಂದು ಇಳಿಯದಿದ್ದರೆ, 15ನೇ ಫ್ರೆಟ್ ದಾಟಿದ ಮೇಲೆ ನೆಕ್ ಮೇಲಕ್ಕೆ ಎದ್ದಿದ್ದರೆ, ಆಗ ಹೊಸದಕ್ಕೆ ದುಡ್ಡು ಹಾಕೋದು ನ್ಯಾಯ.

ದುಬಾರಿ ಬೇಸಲ್ಲಿ ನಿಜಕ್ಕೂ ಸಿಗೋದು ಏನು? ಸಮನಾಗಿ ಉಜ್ಜಿದ ಫ್ರೆಟ್, ಅಂಗೈಗೆ ಚುಚ್ಚದ ಅಂಚು, ಸರಿಯಾಗಿ ಕೊರೆದ ನಟ್ (ತಲೆಭಾಗದ ಬಳಿ ತಂತಿ ಕೂರುವ ತುಂಡು). ಕೆಲವು ಮಾದರಿಗಳಲ್ಲಿ ನೆಕ್ ಒಳಗೆ ಗ್ರಾಫೈಟ್ ಸರಳು ಇರುತ್ತೆ. ಮಳೆಗಾಲ ಬಂತೆಂದರೆ ನೆಕ್ ಬಾಗುವ ಮಂಗಳೂರು, ಉಡುಪಿ ಕಡೆಯವರಿಗೆ ಈ ಸರಳಿನ ಬೆಲೆ ಗೊತ್ತಾಗುತ್ತೆ. ಫಿಂಗರ್‌ಬೋರ್ಡ್ (ಫ್ರೆಟ್ ಕೂರಿಸಿದ ಹಲಗೆ) ಮರದ ಹೆಸರಿಗೆ ಮಾತ್ರ ದುಡ್ಡು ಕೊಡಬೇಡಿ. ಅಗ್ಗದ ಬೇಸ್‌ಗಳಲ್ಲಿರುವ ಇಂಡಿಯನ್ ಲಾರೆಲ್ ಬೇರೇನೂ ಅಲ್ಲ, ನಮ್ಮ ಪಶ್ಚಿಮ ಘಟ್ಟದಲ್ಲಿ ಬೆಳೆಯುವ ಮತ್ತಿ. ಭಾರತದ ರೋಸ್‌ವುಡ್ ಅಂದರೆ ಬೀಟೆ. ಮನೆಗೆ ತೊಲೆಯಾಗಿ ಹಾಕುವ ಗಟ್ಟಿ ಮರ ಮತ್ತಿ, ಫಿಂಗರ್‌ಬೋರ್ಡ್‌ಗೆ ಧಾರಾಳ ಸಾಕು. 2017ರಲ್ಲಿ ಬೀಟೆ ಜಾತಿಯ ಮರಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ನಿರ್ಬಂಧ ಬಂದಾಗ ಹಲವು ಕಂಪನಿಗಳು ಬೇರೆ ಮರಗಳತ್ತ ಹೊರಳಿದ್ದವು. 2019ರ ಕೊನೆಯಲ್ಲಿ ಸಂಗೀತ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು.

ಬೆಲೆ ಏರಿದರೂ ಹೋಗದ ದೋಷವೂ ಒಂದಿದೆ. ಜಿ ತಂತಿಯ 5ರಿಂದ 7ನೇ ಫ್ರೆಟ್ ಸುತ್ತ ಒಂದು ಸ್ವರ ಉಳಿದವುಗಳಿಗಿಂತ ಬೇಗ ಸತ್ತುಹೋಗುತ್ತೆ. ಆ ಸ್ವರದ ಕಂಪನವನ್ನು ನೆಕ್ ತಾನೇ ನುಂಗುವುದರಿಂದ ಹೀಗಾಗೋದು. ಲಕ್ಷದ ಬೇಸಲ್ಲೂ ಬರಬಹುದು. ಅಂಗಡಿಯಲ್ಲಿ ಒಂದೊಂದೇ ಫ್ರೆಟ್ ಒತ್ತಿ, ಸ್ವರ ಪೂರ್ತಿ ನಿಲ್ಲುವ ತನಕ ಕೇಳಿ.

ನೆಕ್ ಚೆನ್ನಾಗಿದ್ದು ದನಿ ಮಾತ್ರ ಹಿಡಿಸದಿದ್ದರೆ ಪಿಕಪ್ ಬದಲಾಯಿಸಿ, ಬೇಸನ್ನಲ್ಲ. ಪಾಟ್ ಕೂಡ ಬದಲಾಯಿಸುವುದಾದರೆ ಒಂದು ಎಚ್ಚರ: ಏಷ್ಯಾದಲ್ಲಿ ತಯಾರಾದ ಬಹಳಷ್ಟು ಬೇಸ್‌ಗಳಲ್ಲಿ ಪಾಟ್‌ನ ತೂತು 8 ಮಿ.ಮೀ. ಒಳಗೇ ಇರುತ್ತೆ. ಸಿಟಿಎಸ್ ಕಂಪನಿಯ ಪಾಟ್‌ಗೆ ಸುಮಾರು 9.5 ಮಿ.ಮೀ. ಬೇಕು, ಪ್ಲೇಟ್ ಅಗಲ ಮಾಡದೆ ಕೂರೋದಿಲ್ಲ. ಗುಂಯ್ ಅನ್ನೋ ಸದ್ದಿಗೆ ಹೆದರಿ ಹೊಸದು ಕೊಳ್ಳಲೂ ಬೇಡಿ. ಎರಡು ಪಿಕಪ್ ಇರುವ ಫೆಂಡರ್‌ನ ಜಾಝ್ ಬೇಸಲ್ಲಿ ಎರಡೂ ವಾಲ್ಯೂಮ್ ಪೂರ್ತಿ ಇದ್ದಾಗ ಸುಮ್ಮನಿದ್ದು, ಒಂದನ್ನು ಇಳಿಸಿದ ಕೂಡಲೇ ಸದ್ದು ಬಂದರೆ ಅದು ಸಿಂಗಲ್ ಕಾಯಿಲ್ (ಒಂದೇ ಸುರುಳಿಯ) ಪಿಕಪ್‌ನ ಸ್ವಭಾವ. 1957ರಿಂದೀಚೆ ಫೆಂಡರ್‌ನ ಪ್ರಿಸಿಷನ್ ಬೇಸ್‌ಗೆ ಬಂದ ಎರಡು ತುಂಡಿನ ಪಿಕಪ್ ಈ ಸದ್ದನ್ನು ತಾನೇ ಅಳಿಸುತ್ತೆ. ಅದರಲ್ಲೂ ಸದ್ದಿದ್ದರೆ ಮನೆಯ ಪ್ಲಗ್‌ಗೆ ಅರ್ಥಿಂಗ್ ಇದೆಯಾ ಮೊದಲು ನೋಡಿಸಿ, ಆಮೇಲೆ ಬೆಸುಗೆ.

ಆಂಪ್ (ಆಂಪ್ಲಿಫೈಯರ್) 15–20 ವ್ಯಾಟಿನದಾಗಿದ್ದರೆ ದುಡ್ಡು ಮೊದಲು ಅಲ್ಲಿಗೇ ಹೋಗಲಿ. 8 ಇಂಚಿನ ಸ್ಪೀಕರಿನಲ್ಲಿ ಎರಡು ಬೇಸ್‌ಗಳ ಕೆಳಸ್ಥಾಯಿಯ ವ್ಯತ್ಯಾಸ ಕೇಳಿಸೋದೇ ಕಷ್ಟ, ಡ್ರಮ್ಸ್ ಜೊತೆಗಂತೂ ಏನೂ ಕೇಳೋದಿಲ್ಲ. ಐದು ತಂತಿಯ ಬೇಸ್ ಬೇಕಿದ್ದರೆ ಮಾತ್ರ ಲೆಕ್ಕ ಬೇರೆ. 31 ಹರ್ಟ್ಸ್‌ನ ಬಿ ತಂತಿ ಅಗ್ಗದ ಬೇಸ್‌ಗಳಲ್ಲಿ ಹೆಚ್ಚಾಗಿ ಸಡಿಲ ಸಡಿಲವಾಗಿ ನುಡಿಯುತ್ತೆ. ಅಲ್ಲಿ ಹೆಚ್ಚು ಕೊಟ್ಟರೆ ಕಿವಿಗೇ ಗೊತ್ತಾಗುತ್ತೆ.

ಅಂಗಡಿಗೆ ನಿಮ್ಮ ಬೇಸನ್ನೂ ಹೊಸ ತಂತಿ ಹಾಕಿ ಒಯ್ಯಿರಿ. ಒಂದೇ ಆಂಪ್, ಎಲ್ಲ ಟೋನ್ ನಡುವೆ ಇಟ್ಟು ಎರಡನ್ನೂ ನುಡಿಸಿ. ಹೊಸ ತಂತಿಯ ಮಿನುಗನ್ನೇ ದುಬಾರಿ ಬೇಸಿನ ದನಿ ಅಂದುಕೊಳ್ಳುವವರು ಬಹಳ. ಬೆಲ್ಟ್ ಹಾಕಿ ಕಾಲು ಗಂಟೆ ನಿಂತುಕೊಂಡು ನುಡಿಸಿ. ನಾಲ್ಕೂವರೆ ಕೆಜಿ ದಾಟಿದರೆ ಎರಡು ಗಂಟೆಯ ಕಾರ್ಯಕ್ರಮದಲ್ಲಿ ಭುಜ ಹೇಳುತ್ತೆ. ಕೈ ಬಿಟ್ಟಾಗ ತಲೆಭಾಗ ಕೆಳಕ್ಕೆ ಜಗ್ಗಿದರೆ ಎಡಗೈ ಸದಾ ಅದನ್ನು ಹೊತ್ತುಕೊಂಡೇ ನುಡಿಸಬೇಕಾಗುತ್ತೆ. ಸೆಕೆಂಡ್ ಹ್ಯಾಂಡ್ ನೋಡುವುದಾದರೆ ಅಲೆನ್ ಕೀ ಜೇಬಲ್ಲಿರಲಿ. ಮಾರುವವರನ್ನು ಕೇಳಿ ಟ್ರಸ್ ರಾಡನ್ನು ತುಸು ಸಡಿಲಿಸಿ, ಮತ್ತೆ ಬಿಗಿ ಮಾಡಿ ನೋಡಿ. ಯಾವ ಕಡೆಗೂ ಜರುಗದಿದ್ದರೆ ಬೆಲೆ ಎಷ್ಟೇ ಇಳಿಸಿದರೂ ಬಿಟ್ಟು ಬನ್ನಿ.