84ನೇ ನಿಮಿಷಕ್ಕೆ ಎಚ್ಚರ

ನಮ್ಮ ಫುಟ್‌ಬಾಲ್ ಟೀಮ್ ನಿನ್ನೆಯೂ ಸೋತಿತು. ಸೋಲು ಬಿಡಿ, ಅಭ್ಯಾಸವಾಗಿದೆ. ಸೋತ ರೀತಿಗೆ ಮೈ ಉರಿಯುತ್ತದೆ.

ಬಿಟ್ಟುಕೊಟ್ಟ ಎರಡೂ ಗೋಲು ಕಾರ್ನರ್ ಕಿಕ್‌ನಿಂದಲೇ. ಎರಡು ಸಲವೂ ದೂರದ ಗೋಲು ಕಂಬದ ಹತ್ತಿರ ಎದುರಾಳಿಯ ಅದೇ ಆಟಗಾರ ಒಬ್ಬನೇ ನಿಂತಿದ್ದ, ಬಸ್ಸಿಗೆ ಕಾಯುವವನ ಹಾಗೆ. ನಮ್ಮವರೆಲ್ಲ ಚೆಂಡು ನೋಡುತ್ತಿದ್ದರು, ಆಳನ್ನಲ್ಲ. ವಾರವಿಡೀ ಪ್ರಾಕ್ಟೀಸ್‌ನಲ್ಲಿ ಏನು ಮಾಡಿಸುತ್ತಾರೋ! ಐದು ಜನರನ್ನು ಬದಲಿಸಬಹುದು. ನಮ್ಮ ಕೋಚ್ ಜೇಬಿನಲ್ಲಿ ಕೈ ಇಟ್ಟುಕೊಂಡು ನಿಂತೇ ಇದ್ದರು. 84ನೇ ನಿಮಿಷಕ್ಕೆ ಒಬ್ಬನನ್ನು ಇಳಿಸಿದರು. ಅದೂ ಗೋಲು ತಡೆಯುವ ಡಿಫೆಂಡರ್! ಎರಡು ಗೋಲು ಹಿಂದಿರುವಾಗ!

ಹಾಗಂತ ಇವರನ್ನು ಕಿತ್ತುಹಾಕಿದರೆ ಸರಿಹೋಗುತ್ತಾ? ಹಿಂದಿನವರನ್ನೂ ಹೀಗೇ ಕಳಿಸಿದ್ದು. ಗೋಲು ಹೊಡೆಯಲು ಇದ್ದ ಒಬ್ಬ ಸ್ಟ್ರೈಕರ್‌ನನ್ನು ಮಾರಿ, ಆ ಜಾಗಕ್ಕೆ ಯಾರನ್ನೂ ತರದ ಮ್ಯಾನೇಜ್‌ಮೆಂಟ್ ಮಾತ್ರ ಮೇಲೆ ಹಾಯಾಗಿ ಕೂತಿದೆ. ಅವರನ್ನು ಬದಲಿಸುವವರು ಯಾರು? ಇಂಗ್ಲೆಂಡಿನ ಮ್ಯಾಂಚೆಸ್ಟರ್ ಯುನೈಟೆಡ್‌ಗೆ 1986ರಲ್ಲಿ ಕೋಚ್ ಆಗಿ ಬಂದ ಫರ್ಗುಸನ್ ಮೊದಲ ಸಲ ಲೀಗ್ ಗೆದ್ದಿದ್ದು 1993ರಲ್ಲಿ. ಅಷ್ಟು ತಾಳ್ಮೆ ನನಗೂ ಇಲ್ಲ, ನಿಜ ಹೇಳಬೇಕಂದ್ರೆ.

ಶನಿವಾರ ಮತ್ತೆ ಮ್ಯಾಚ್ ಇದೆ. ನೋಡಲ್ಲ ಅಂತ ಎಲ್ಲರಿಗೂ ಹೇಳಿದ್ದೇನೆ. ಜೆರ್ಸಿ ಒಗೆದು ಒಣಗಲು ಹಾಕಿದ್ದೇನೆ, ಸುಮ್ನೆ.