ರಾತ್ರಿ ಮುಚ್ಚುವ ಗೇಟು

ನಿನ್ನೆ ನಿದ್ದೆ ಬಾರದೆ ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್ ನಗರದ ನಕ್ಷೆ ನೋಡುತ್ತಾ ಕುಳಿತಿದ್ದೆ. ಕ್ಯಾಥೊಲಿಕರ ಫಾಲ್ಸ್ ರಸ್ತೆಗೂ ಪ್ರಾಟೆಸ್ಟೆಂಟರ ಶಾಂಕಿಲ್ ರಸ್ತೆಗೂ ಹೆಚ್ಚೇನೂ ದೂರವಿಲ್ಲ. ನಡುವೆ ಗೋಡೆಯಿದೆ, ಅಷ್ಟೆ. 1969ರಲ್ಲಿ ಎರಡೂ ಕಡೆಯವರ ಗಲಭೆ ತಡೆಯಲು ಬ್ರಿಟಿಷ್ ಸೈನಿಕರು ತಾತ್ಕಾಲಿಕವೆಂದು ಹಾಕಿದ ಮುಳ್ಳುತಂತಿ ಮುಂದೆ ಇಟ್ಟಿಗೆ, ತಗಡು, ಜಾಲರಿಯಾಗಿ ಬೆಳೆಯಿತು. ಹೆಸರೋ, ‘ಶಾಂತಿ ಗೋಡೆ’!

2023ರೊಳಗೆ ಎಲ್ಲವನ್ನೂ ತೆಗೆಯುವುದಾಗಿ 2013ರಲ್ಲಿ ಅಲ್ಲಿನ ಸರ್ಕಾರ ಹೇಳಿತ್ತು. ಹೆಚ್ಚಿನವು ಇನ್ನೂ ನಿಂತಿವೆ. ಗೋಡೆ ಇರಲಿ ಎನ್ನುವವರಲ್ಲಿ ಅದರ ಬುಡದಲ್ಲೇ ಮನೆಯಿರುವವರೂ ಇದ್ದಾರೆ. ಅವರನ್ನು ಬೈಯಲು ನನಗೆ ಮನಸ್ಸಾಗಲಿಲ್ಲ. ಹಿತ್ತಲಿಗೆ ಕಲ್ಲು ಬಿದ್ದ ನೆನಪು ಅವರದು, ನನ್ನದು ಬರೀ ನಕ್ಷೆ.

ಕೆಲವು ಗೇಟುಗಳು ಹಗಲು ತೆರೆದು ರಾತ್ರಿ ಮುಚ್ಚುತ್ತವೆಯಂತೆ. ಆಚೆ ಬದಿಯ ಗೆಳೆಯನ ಮನೆಯಲ್ಲಿ ಮಾತು ಉದ್ದವಾದರೆ ಸುತ್ತುಬಳಸಿ ಬರಬೇಕು. ಆಚೆ ಬದಿಯಲ್ಲಿ ಗೆಳೆಯನಿದ್ದರೆ.